ಮನೆಯಲ್ಲಿ ಮಾಡುವ ಒಡವೆ, ಉಡುಗೊರೆಗಳು



ಅಲ್ಪ ವೆಚ್ಚದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಒಡವೆಗಳನ್ನೂ ಸಣ್ಣಪುಟ್ಟ ಉಡುಗೊರೆಗಳನ್ನೂ ಕುರಿತು ಈ ಸಂಜೆ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಗಂಡಸಿಗೆ ಒಡವೆಯ ವಿಚಾರವೇಕೆ ಎಂದು ತಾವು ಕೇಳಬಹುದು. ಒಡವೆಯನ್ನು ತೊಡುವವರು ಹೆಂಗಸರಾದರೂ ಅದಕ್ಕಾಗಿ ಸಾಲದ ಪತ್ರಕ್ಕೆ ರುಜು ಹಾಕುವವರು ಬಹುಮಟ್ಟಿಗೆ ಗಂಡಸರು; ಆದುದರಿಂದ ಈ ವಿಷಯದಲ್ಲಿ ಮಾತನಾಡಲು ನಮಗೂ ಸ್ವಲ್ಪ ಅಧಿಕಾರವುಂಟೆಂದು ಭಾವಿಸಿದ್ದೇನೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳೋಣ. ನಮ್ಮಲ್ಲಿ ಒಡವೆಯೆಂಬುದು ಎರಡು ಕೆಲಸಗಳನ್ನು ಮಾಡುತ್ತದೆ. ಅದು ಆಸ್ತಿಯೂ ಹೌದು, ಅಲಂಕಾರವೂ ಹೌದು. ಹೊಲಮನೆಗಳಲ್ಲಿ ಪಾಲಿಲ್ಲದ ಕಾಲದಲ್ಲಿ ಹೆಣ್ಣಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಮೈಮೇಲಿನ ಚಿನ್ನವೊಂದೇ. ಗಂಡ ಕಾಯಿಲೆ ಬಿದ್ದಾಗ, ಮಳೆ ತಪ್ಪಿದಾಗ, ಮಗನ ಪರೀಕ್ಷೆಯ ಶುಲ್ಕಕ್ಕೆ ಹಣವಿಲ್ಲದಾಗ ಆ ಚಿನ್ನ ಎಷ್ಟೋ ಸಂಸಾರಗಳ ಮಾನವನ್ನು ಉಳಿಸಿದೆ. ಅದನ್ನು ಬಿಟ್ಟುಬಿಡಿರೆಂದು ಉಪದೇಶ ಮಾಡುವುದು ಉದ್ಧಟತನವಾದೀತು. ತೊಂದರೆ ಬಂದಿರುವುದು ಈ ಎರಡು ಕೆಲಸಗಳನ್ನು ನಾವು ಒಂದರೊಡನೊಂದು ಬೆರೆಸಿಬಿಟ್ಟಿರುವುದರಿಂದ. ಚಿನ್ನವಿಲ್ಲದೆ ಅಲಂಕಾರವೇ ಇಲ್ಲವೆಂದು ನಂಬಿ, ಸಾಲ ತಂದ ಸರವನ್ನು ಕೊರಳಿಗೆ ಹಾಕಿಕೊಂಡು ಮದುವೆಯ ಮನೆಗೆ ಹೋಗುವವರುಂಟು. ಸಾಲ ಮಾಡಿ ತಂದ ಚಿನ್ನ ಆಸ್ತಿಯೂ ಆಗಲಿಲ್ಲ. ಬಡ್ಡಿಯ ಚಿಂತೆ ತುಂಬಿದ ಮುಖಕ್ಕೆ ಅದು ಅಲಂಕಾರವೂ ಆಗಲಾರದು. ಆಸ್ತಿ ಪೆಟ್ಟಿಗೆಯಲ್ಲಿರಲಿ. ಅಲಂಕಾರಕ್ಕೆ ಬೇರೆ ದಾರಿಗಳಿವೆ.

ಉಡುಗೊರೆಯ ಕಥೆಯೂ ಇಂಥದೇ. ನಮ್ಮ ಮದುವೆ ಮುಂಜಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯಿದೆ. ಯಾರು ಎಷ್ಟು ಕೊಟ್ಟರೆಂಬುದನ್ನು ಒಬ್ಬರು ಕುಳಿತು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ಅವರ ಮನೆಯ ಕಾರ್ಯಕ್ಕೆ ಅದಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸಬೇಕು. ಮೂಲದಲ್ಲಿ ಇದು ಒಳ್ಳೆಯ ಏರ್ಪಾಡು. ಖರ್ಚಿನ ಮನೆಗೆ ಹತ್ತು ಮಂದಿ ಹೆಗಲು ಕೊಟ್ಟಂತೆ. ಆದರೆ ತಿಂಗಳ ಸಂಬಳದ ಗೃಹಸ್ಥನಿಗೆ ವೈಶಾಖಮಾಸವೊಂದರಲ್ಲಿಯೇ ಆರೇಳು ಲಗ್ನಪತ್ರಿಕೆಗಳು ಬಂದರೆ ಮುಯ್ಯಿಯೆಂಬುದು ತೆರಿಗೆಯಾಗಿಬಿಡುತ್ತದೆ. ಕೈಯಿಂದ ಮಾಡಿದ ಉಡುಗೊರೆಯ ದೊಡ್ಡ ಗುಣವೆಂದರೆ, ಮುಯ್ಯಿಯ ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ. ಅತ್ತಿಗೆ ಮೂರು ಸಂಜೆ ಕುಳಿತು ಪೋಣಿಸಿದ ಸರಕ್ಕೆ ಎಷ್ಟು ರೂಪಾಯಿ ಎಂದು ಬರೆಯುವುದು? ಬರೆಯಲಾಗದ್ದನ್ನು ತೀರಿಸುವ ಹೊರೆಯೂ ಇಲ್ಲ.

ಇದೇನು ಹೊಸ ವಿಚಾರವೆಂದು ತಾವು ತಿಳಿಯಬಾರದು. ನಮ್ಮ ದೇವರುಗಳೇ ಇದನ್ನು ಬಹುಕಾಲದಿಂದ ಒಪ್ಪಿಕೊಂಡಿದ್ದಾರೆ. ಗೌರಿಯ ಹಬ್ಬ ಹತ್ತಿರ ಬಂತೆಂದರೆ ಮನೆಯ ಅಜ್ಜಿ ಹತ್ತಿಯನ್ನು ಬಿಡಿಸಿ, ನಯವಾಗಿ ಎಳೆದು, ನಡುನಡುವೆ ಗೆಜ್ಜೆಯಂತೆ ಉಂಡೆ ಕಟ್ಟಿ, ಕುಂಕುಮದ ಬೊಟ್ಟಿಟ್ಟು ಗೆಜ್ಜೆವಸ್ತ್ರ ಮಾಡುತ್ತಾಳೆ. ಜಗನ್ಮಾತೆಯ ಕೊರಳಿಗೆ ಹತ್ತಿಯ ಹಾರ ಸಾಕಾದರೆ ನಮಗೇಕೆ ಸಾಲದು? ಧಾರವಾಡ ಬೆಳಗಾವಿಗಳ ಕಡೆ ಇನ್ನೂ ಸೊಗಸಾದ ಒಂದು ಪದ್ಧತಿಯುಂಟು. ಸಂಕ್ರಾಂತಿಯಲ್ಲಿ ಹೊಸ ಸೊಸೆಗೂ ಎಳೆಯ ಮಗುವಿಗೂ ಕುಸುರೆಳ್ಳಿನ ಒಡವೆಗಳನ್ನು ತೊಡಿಸುತ್ತಾರೆ. ಅಗಲವಾದ ತಟ್ಟೆಯಲ್ಲಿ ಎಳ್ಳನ್ನು ಹಾಕಿ, ಸಣ್ಣ ಕೆಂಡದ ಮೇಲಿಟ್ಟು, ಸಕ್ಕರೆಯ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಬೆರಳುಗಳಿಂದ ಮೆಲ್ಲಗೆ ಆಡಿಸುತ್ತ ಹೋದರೆ ಕಾಳಿನ ಸುತ್ತ ಸಕ್ಕರೆ ಕಟ್ಟಿ ಸಣ್ಣ ಸಣ್ಣ ಮುಳ್ಳುಗಳೇಳುತ್ತವೆ. ಅವಸರದವರಿಗೆ ಅದು ಸಾಧ್ಯವಿಲ್ಲ. ಉರಿ ಜೋರಾದರೆ, ಪಾಕ ಹೆಚ್ಚಾದರೆ ಮುಳ್ಳು ಏಳುವುದೇ ಇಲ್ಲ. ಅಂಥ ಕಾಳುಗಳಿಂದ ಸರ, ಬಳೆ, ಕಿರೀಟಗಳನ್ನು ಮಾಡಿ ತೊಡಿಸಿ, ಆರತಿಯಾದ ಮೇಲೆ ಮಕ್ಕಳು ಒಡವೆಯನ್ನೇ ತಿಂದುಬಿಡುತ್ತಾರೆ. ಕಳ್ಳರ ಭಯವಿಲ್ಲದ ಒಡವೆಯೆಂದರೆ ಇದೇ ಇರಬೇಕು!

ನನ್ನ ಹಾಸನ ಜಿಲ್ಲೆಯ ಮಾತನ್ನೇ ಹೇಳುವುದಾದರೆ, ಅಲ್ಲಿ ನೋಡತಕ್ಕ ಅತ್ಯುತ್ತಮ ಒಡವೆಗಳು ಚಿನ್ನದವಲ್ಲ, ಬಳಪದ ಕಲ್ಲಿನವು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಕಂಠೀಹಾರ, ತೋಳಬಂದಿ, ಡಾಬುಗಳನ್ನು ಕಂಡವರು ಕಲ್ಲಿನ ಬೆಲೆಯನ್ನು ಕೇಳುವುದಿಲ್ಲ. ಬೆಲೆ ಬಂದಿರುವುದು ಕೈಯಿಂದ, ಪದಾರ್ಥದಿಂದಲ್ಲ.

ಇನ್ನು ಪದಾರ್ಥಗಳ ವಿಚಾರಕ್ಕೆ ಬರೋಣ. ಸಕಲೇಶಪುರದಿಂದ ಪಶ್ಚಿಮಕ್ಕೆ, ಮಂಗಳೂರಿನ ಹೆದ್ದಾರಿ ಶಿರಾಡಿ ಘಟ್ಟವನ್ನು ಇಳಿಯುವ ಅಂಚಿನಲ್ಲಿ ಮಾರನಹಳ್ಳಿಯೆಂಬ ಊರಿದೆ. ಸುತ್ತಲೂ ಕಾಫಿ ಏಲಕ್ಕಿಗಳ ತೋಟ, ಕಾಡು, ಕಣಿವೆಯ ಗದ್ದೆಗಳು. ಆ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ವಾರಗಟ್ಟಲೆ ಹೊರಗೆ ಕಾಲಿಡುವಂತಿಲ್ಲ. ಅಂಥ ದಿನಗಳೇ ಕೈಕೆಲಸಕ್ಕೆ ಹೇಳಿಮಾಡಿಸಿದವು. ಬೇಸಗೆಯಲ್ಲಿ ಆರಿಸಿ ಒಣಗಿಸಿಟ್ಟುಕೊಂಡದ್ದನ್ನು ಮಳೆಗಾಲದಲ್ಲಿ ಪೋಣಿಸಬಹುದು. ಮಲೆನಾಡಿನ ಇಂಥ ಊರುಗಳನ್ನು ನೆನೆದೇ ಮುಂದಿನ ಮಾತುಗಳನ್ನು ಹೇಳುತ್ತೇನೆ. ಬೆಂಗಳೂರು ಮೈಸೂರುಗಳಲ್ಲಿರುವವರು ತಮ್ಮ ಅನುಕೂಲಕ್ಕೆ ಹೊಂದಿಸಿಕೊಳ್ಳಬಹುದು.

ಕಲಿಯತೊಡಗುವವರಿಗೆ ಎಲ್ಲಕ್ಕಿಂತ ಸುಲಭವಾದದ್ದು ಜೌಗು ನೆಲದಲ್ಲಿ ಬೆಳೆಯುವ ಒಂದು ಜಾತಿಯ ಹುಲ್ಲಿನ ಕಾಳು. ಗೋವಿನಜೋಳದ ದೂರದ ನಂಟಿನ ಈ ಗಿಡದ ಕಾಳು ಕಣ್ಣೀರಿನ ಹನಿಯ ಆಕಾರದ್ದು. ಇಂಗ್ಲಿಷಿನವರು ಬೈಬಲಿನ ಭಕ್ತನೊಬ್ಬನ ಹೆಸರು ಹಿಡಿದು ಇದನ್ನು ಯೋಬನ ಕಣ್ಣೀರು ಎನ್ನುತ್ತಾರೆ. ಬಿಳುಪು, ಬೂದು, ಕಂದು ಬಣ್ಣಗಳಲ್ಲಿ ಬರುವ ಇದಕ್ಕೆ ಹೊಳಪು ಹುಟ್ಟಿನಿಂದಲೇ ಬಂದಿರುತ್ತದೆ. ಅದಕ್ಕಿಂತಲೂ ಮೇಲಾದ ಗುಣವೆಂದರೆ, ನಡುವಿನ ಎಳೆಯನ್ನು ಎಳೆದುಬಿಟ್ಟರೆ ತುದಿಯಿಂದ ತುದಿಗೆ ತೂತು ತಾನಾಗಿಯೇ ಸಿದ್ಧವಾಗಿರುತ್ತದೆ, ಸೂಜಿಯೊಂದಿದ್ದರೆ ಸಾಕು. ಪಟ್ಟಣದವರು ನಾಲ್ಕು ಕಾಳುಗಳನ್ನು ಕುಂಡದಲ್ಲಿ ಬಿತ್ತಿ, ನೀರಿಗೆ ಕೊರತೆ ಮಾಡದಿದ್ದರೆ, ಕೆಲವು ತಿಂಗಳುಗಳಲ್ಲಿ ಒಂದು ಸರಕ್ಕಾಗುವಷ್ಟು ಮಣಿಗಳನ್ನು ಪಡೆಯಬಹುದು.

ಎರಡನೆಯದು ಮಂಜಾಡಿ. ಅಳಗುಳಿ ಮಣೆಯಾಡಿದವರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಚಪ್ಪಟೆಯಾದ, ನುಣುಪಾದ, ಅಚ್ಚಗೆಂಪಿನ ಬೀಜ. ವರ್ಷಗಳು ಕಳೆದರೂ ಬಣ್ಣ ಮಾಸುವುದಿಲ್ಲ. ಆದರೆ ಬಹಳ ಗಟ್ಟಿ. ಬಟ್ಟೆಯಲ್ಲಿ ಸುತ್ತಿ ಇಕ್ಕಳದಲ್ಲಿ ಹಿಡಿದು ಸಣ್ಣ ಬೈರಿಗೆಯಿಂದ ನಿಧಾನವಾಗಿ ಕೊರೆಯಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಮಂಜಾಡಿಗೆ ಗುಲಗಂಜಿಯೆಂಬ ದಾಯಾದಿಯುಂಟು. ಗುಲಗಂಜಿ ಗಾತ್ರದಲ್ಲಿ ಚಿಕ್ಕದು. ಕೆಂಪು ಮೈಗೆ ಒಂದು ತುದಿಯಲ್ಲಿ ಕಾಡಿಗೆಯಿಟ್ಟಂತೆ ಕಪ್ಪು ಕಣ್ಣು. ಅಕ್ಕಸಾಲಿಗರು ಇವೆರಡನ್ನೂ ತಕ್ಕಡಿಯಲ್ಲಿಟ್ಟು ಚಿನ್ನ ತೂಗುತ್ತಿದ್ದರು. ಗುಲಗಂಜಿಯ ತೂಕ ಗ್ರಾಮಿನ ಎಂಟನೆಯ ಒಂದು ಪಾಲಿನಷ್ಟು. ಸುಮಾರು ಎರಡು ಗುಲಗಂಜಿಗೆ ಒಂದು ಮಂಜಾಡಿ. ಚಿನ್ನಕ್ಕೆ ಅಳತೆಯಾಗಿದ್ದ ಈ ಗುಲಗಂಜಿ ನೋಡಲು ಎಷ್ಟು ಚೆಲುವೋ ಒಳಗೆ ಅಷ್ಟು ಘೋರ. ಅದರಲ್ಲಿ ಏಬ್ರಿನ್ ಎಂಬ ವಿಷವಿದೆ. ಅದಕ್ಕೆ ಪ್ರತಿವಿಷ ದೊರೆತಿಲ್ಲ. ಇಡಿಯಾದ ಬೀಜವನ್ನು ನುಂಗಿದರೆ ಗಟ್ಟಿಯಾದ ಸಿಪ್ಪೆಯ ದೆಸೆಯಿಂದ ಪಾರಾಗುವ ಸಂಭವವುಂಟು. ಒಡವೆಗಾಗಿ ತೂತು ಕೊರೆದ ಬೀಜಕ್ಕೆ ಆ ಸಿಪ್ಪೆಯ ಕಾವಲಿರುವುದಿಲ್ಲ. ಮಗುವೊಂದು ಅದನ್ನು ಅಗಿದರೆ ಪ್ರಾಣಕ್ಕೇ ಸಂಚಕಾರ. ಕೊರೆಯುವಾಗ ಏಳುವ ಹುಡಿಯೂ ಅಪಾಯಕರ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಈಡನ್ ಪ್ರಾಜೆಕ್ಟ್ ಎಂಬ ಪ್ರಸಿದ್ಧ ಸಸ್ಯೋದ್ಯಾನದವರು ತಮ್ಮ ಅಂಗಡಿಯಲ್ಲಿ ಮಾರಿದ್ದ ಗುಲಗಂಜಿಯ ಕೈಸರಗಳನ್ನು 2011ರಲ್ಲಿ ಕೊಂಡವರಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಸಸ್ಯಗಳನ್ನೇ ಬಲ್ಲವರ ಅಂಗಡಿಯಲ್ಲಿ ಹೀಗಾದ ಮೇಲೆ ನಾವು ಎಷ್ಟು ಜಾಗರೂಕರಾಗಿರಬೇಕು! ಕಪ್ಪು ಕಣ್ಣಿನ ಕೆಂಪು ಬೀಜವನ್ನು ಒಡವೆಗೆ ಬಳಸಲೇಕೂಡದು. ಹೆಸರು ತಿಳಿಯದ ಯಾವ ಬೀಜವನ್ನೂ ಮಕ್ಕಳಿರುವ ಮನೆಗೆ ಕೊಡಕೂಡದು. ಮಂಜಾಡಿಯ ಸರವನ್ನು ಸಹ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ತೊಡಿಸಬಾರದು.

ಬೀಜ ಸಿಕ್ಕದವರಿಗೆ ಮಣ್ಣಿದೆ. ಕುಂಬಾರರು ಬಳಸುವ ಜೇಡಿಯನ್ನು ಕಲ್ಲು ಕಸ ತೆಗೆದು ಚೆನ್ನಾಗಿ ನಾದಿ, ಕಡಲೆಕಾಳಿನ ಗಾತ್ರದಿಂದ ಹುಣಿಸೆಬೀಜದ ಗಾತ್ರದವರೆಗೆ ಮಣಿಗಳನ್ನು ಮಾಡಿ, ತೆಂಗಿನ ಕಡ್ಡಿಯಿಂದ ತೂತು ಮಾಡಿ, ನೆರಳಿನಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಒಳಗೆ ತೇವ ಉಳಿದಿದ್ದರೆ ಸುಡುವಾಗ ಅದು ಹಬೆಯಾಗಿ ಮಣಿಯನ್ನು ಸಿಡಿಸುತ್ತದೆ. ಗಾಳಿಯಾಡುವಂತೆ ಸುಟ್ಟರೆ ಮಣಿ ಕೆಂಪಾಗುತ್ತದೆ. ಹೊಟ್ಟಿನಲ್ಲಿ ಹುದುಗಿಸಿ ಗಾಳಿ ಸೋಕದಂತೆ ಸುಟ್ಟರೆ ಅದೇ ಮಣ್ಣು ಕಪ್ಪಾಗುತ್ತದೆ. ಮನೆಯಲ್ಲಿ ಸುಡಲು ಅನುಕೂಲವಿಲ್ಲದವರು ಹತ್ತಿರದ ಕುಂಬಾರರ ಆವಿಗೆಯಲ್ಲಿ ಒಂದು ಕುಡಿಕೆಯಷ್ಟು ಜಾಗ ಕೇಳಿಕೊಂಡರೆ ಅವರು ಇಲ್ಲವೆನ್ನಲಾರರು.

ಸರದ ಆಯುಸ್ಸು ಇರುವುದು ದಾರದಲ್ಲಿ. ಹೆಚ್ಚಿನ ಮನೆಗೆಲಸದ ಸರಗಳು ಮೊದಲ ವಾರದಲ್ಲಿಯೇ ಹರಿದು ನಗೆಗೀಡಾಗುವುದು ಇದನ್ನು ಅಲಕ್ಷಿಸುವುದರಿಂದ. ಗಟ್ಟಿಯಾದ ಹತ್ತಿಯ ನೂಲನ್ನು ಎರಡೆಳೆ ಹುರಿಮಾಡಿ ಜೇನುಮೇಣವನ್ನು ಸವರಬೇಕು. ಒಂದೊಂದು ಮಣಿಗೂ ನಡುವೆ ಒಂದೊಂದು ಗಂಟು ಹಾಕಿದರೆ ಮಣಿಗಳು ಪರಸ್ಪರ ಉಜ್ಜುವುದಿಲ್ಲ. ದಾರ ಹರಿದರೂ ಹೋಗುವುದು ಒಂದೇ ಮಣಿ. ಕೊರಳಿಗೆ ಅಂಟಿದಂತಿರುವ ಸರಕ್ಕೆ 16 ಅಂಗುಲ, ಎದೆಯವರೆಗೆ ಇಳಿಯುವುದಕ್ಕೆ 24 ಅಂಗುಲ ಉದ್ದ ಸಾಕು. ಗಂಟುಗಳಿಗಾಗಿ ನೂಲನ್ನು ಅದರ ಎರಡರಷ್ಟು ಇಟ್ಟುಕೊಳ್ಳಬೇಕು. ಕೊನೆಗೆ ಅಗ್ಗದ ಲೋಹದ ಕೊಕ್ಕೆ ಬೇಡ. ಅದರಲ್ಲಿರುವ ನಿಕ್ಕಲ್ ಎಷ್ಟೋ ಮಂದಿಯ ಚರ್ಮಕ್ಕೆ ತುರಿಕಜ್ಜಿಯನ್ನು ತರುತ್ತದೆ. ಒಂದು ತುದಿಗೆ ನೂಲಿನ ಕುಣಿಕೆ, ಇನ್ನೊಂದು ತುದಿಗೆ ದೊಡ್ಡ ಮಣಿ, ಗುಂಡಿಯಂತೆ ಸಿಕ್ಕಿಸಿಕೊಂಡರೆ ಸರಿ.

ಒಡವೆಯಲ್ಲದ ಉಡುಗೊರೆಗಳೂ ಬೇಕಾದಷ್ಟಿವೆ. ಲಾವಂಚದ ಬೇರನ್ನು ಹಿಡಿಯಷ್ಟು ತೆಗೆದುಕೊಂಡು, ಹಳೆಯ ರೇಷ್ಮೆಸೀರೆಯ ಅಂಚಿನಿಂದ ಸುತ್ತಿ ಕಟ್ಟಿದರೆ ಬಟ್ಟೆಯ ಪೆಟ್ಟಿಗೆಯನ್ನೆಲ್ಲ ಘಮಘಮಿಸುವ ಕಾಣಿಕೆಯಾಗುತ್ತದೆ. ಪರಿಮಳ ಕುಂದಿದಾಗ ನೀರು ಚಿಮುಕಿಸಿ ಆರಿಸಿಟ್ಟರೆ ಮತ್ತೆ ಬರುತ್ತದೆ. ಹಾವೇರಿಯ ಏಲಕ್ಕಿಹಾರ ನಾಡಿಗೆಲ್ಲ ಪ್ರಸಿದ್ಧ. ಮಲೆನಾಡಿನಲ್ಲಿ ಏಲಕ್ಕಿ ಬೆಳೆಯುವ ನಾವು ಅದನ್ನು ಪಾಯಸಕ್ಕೆ ಮಾತ್ರ ಹಾಕುತ್ತೇವೆ. ಹಾವೇರಿಯವರು ಅದನ್ನೇ ಉಣ್ಣೆ, ಮಣಿ, ಜರಿಗಳೊಡನೆ ಪೋಣಿಸಿ ಗಣ್ಯರ ಕೊರಳಿಗೆ ಹಾಕುತ್ತಾರೆ. ಅವರ ನೈಪುಣ್ಯ ನಮಗೆ ಬಾರದಿದ್ದರೂ ಹತ್ತು ಏಲಕ್ಕಿಯ ಒಂದು ಚಿಕ್ಕ ಎಳೆಯನ್ನು ಕಟ್ಟಿ ಪುಸ್ತಕದೊಳಗೆ ಗುರುತಿಗಿಟ್ಟು ಕೊಡಬಹುದು.

ಎಲ್ಲರೂ ಮನೆಯಲ್ಲಿಯೇ ಮಾಡಿಕೊಂಡರೆ ಕಸುಬುದಾರರ ಗತಿಯೇನು ಎಂದು ಕೆಲವರು ಕೇಳಿಯಾರು. ನನ್ನ ಅಭಿಪ್ರಾಯದಲ್ಲಿ ಆಗುವುದು ಇದಕ್ಕೆ ವಿರುದ್ಧ. ಚನ್ನಪಟ್ಟಣದ ಕೆಲಸಗಾರನು ಆಲೆಮರದ ತುಂಡನ್ನು ತಿರುಗಣೆಗೆ ಕೊಟ್ಟು, ಬಣ್ಣದ ಅರಗನ್ನು ಒತ್ತಿ, ಗರಿಯಿಂದ ಉಜ್ಜಿ ಹೊಳಪೇರಿಸಿದ ಒಂದು ಮಣಿಯ ಬೆಲೆಯನ್ನು ಚೌಕಾಸಿ ಮಾಡುವವನು ಎಂದೂ ಒಂದು ಮಣಿಯನ್ನೂ ಮಾಡಿದವನಲ್ಲ. ತಾನು ಒಮ್ಮೆ ಕೈಯಾಡಿಸಿ ನೋಡಿದವನು ಅವನು ಕೇಳಿದ ಬೆಲೆಯನ್ನು ಕೊಟ್ಟು ಬರುತ್ತಾನೆ.

ಇನ್ನೊಂದು ಮಾತು. ಅಗ್ಗವೆಂಬುದು ಒರಟುತನಕ್ಕೆ ಕ್ಷಮೆಯಲ್ಲ. ಕೈಯಿಂದ ಮಾಡಿದ್ದೆಂಬ ಒಂದೇ ಕಾರಣದಿಂದ ಸೊಟ್ಟಗಿರುವ, ಹರಿದುಬೀಳುವ, ಹುಳು ಹಿಡಿದ ವಸ್ತುವನ್ನು ಕೊಟ್ಟು, ಪ್ರೀತಿಯಿಂದ ಕೊಟ್ಟಿದ್ದೇನೆಂದು ಹೇಳಿದರೆ ಪಡೆದವರು ಸಂಕೋಚಕ್ಕೆ ಸಿಲುಕುತ್ತಾರೆ. ಹಣವನ್ನು ಉಳಿಸಿದವರು ಆ ಮೇರೆಗೆ ಹೊತ್ತನ್ನೂ ಗಮನವನ್ನೂ ವೆಚ್ಚ ಮಾಡಲೇಬೇಕು. ಎರಡನ್ನೂ ಉಳಿಸಿ ಕೊಡುವುದು ಉಡುಗೊರೆಯಲ್ಲ, ಲೋಭ.

ಮುಂದಿನ ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಒಂದು ಸರವನ್ನು ಹಿಡಿದುಕೊಂಡು ಕುಳಿತು ನೋಡಿ. ಮೊದಲನೆಯದನ್ನು ಯಾರಿಗೂ ಕೊಡಬೇಡಿ, ತಾವೇ ಒಂದು ತಿಂಗಳು ತೊಟ್ಟು ಪರೀಕ್ಷಿಸಿ. ಎರಡನೆಯದು ಮನೆಯ ಮಗಳಿಗೆ. ಮೂರನೆಯದನ್ನು ಧೈರ್ಯವಾಗಿ ಮದುವೆಯ ಮನೆಗೆ ಕೊಂಡೊಯ್ಯಬಹುದು. ಮುಯ್ಯಿಯ ಪುಸ್ತಕ ಹಿಡಿದವರು ಲೇಖನಿಯನ್ನೆತ್ತಿ ಏನು ಬರೆಯಲೆಂದು ತಮ್ಮ ಮುಖ ನೋಡಿದರೆ, ಹೆಸರನ್ನು ಮಾತ್ರ ಬರೆದುಕೊಳ್ಳಿರೆಂದು ಹೇಳಿ.