ಬಿಡಿಸಿ ಮಾರಿದ ಆಲ್ಬಂ



ಎರಡನೆಯ ಮಹಾಯುದ್ಧ ಮುಗಿಸಿ ಭಾರತದಿಂದ ಊರಿಗೆ ಮರಳಿದ ಅಮೆರಿಕದ ಅನೇಕ ವಾಯುಸೈನಿಕರ ಪೆಟ್ಟಿಗೆಯಲ್ಲಿ ಒಂದು ಫೋಟೋ ಆಲ್ಬಂ ಇರುತ್ತಿತ್ತು. ಕಪ್ಪು ಹಾಳೆ, ಅಂಗೈಯಲ್ಲಿ ಅಡಗುವಂಥ ಚಿತ್ರಗಳು, ಅವುಗಳ ಕೆಳಗೆ ಬಿಳಿ ಶಾಯಿಯ ಬರಹ. ಒಡೆಯ ತೀರಿಕೊಂಡ ಮೇಲೆ ಇಂಥ ಆಲ್ಬಂ ಎಷ್ಟೋ ಸಲ ಹರಾಜಿಗೆ ಬರುತ್ತದೆ. ಕೊಳ್ಳಲು ಸಂಗ್ರಾಹಕರು ಕಾದಿರುತ್ತಾರೆ.

ಆ ಸೈನಿಕರು ಇಲ್ಲಿಗೆ ಬಂದದ್ದೇಕೆ? 1942ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ಕಡಿದುಹಾಕಿದರು. ಚೀನಾಕ್ಕೆ ಸಾಮಗ್ರಿ ಮುಟ್ಟಿಸಲು ಅಸ್ಸಾಮಿನಿಂದ ಕುನ್‌ಮಿಂಗ್‌ಗೆ ಹಿಮಾಲಯದ ಪೂರ್ವದ ತುದಿಯನ್ನು ದಾಟಿ ಹಾರಬೇಕಾಯಿತು. ವೈಮಾನಿಕರು ಈ ದಾರಿಗೆ ‘ಹಂಪ್’, ಎಂದರೆ ಗೂನು, ಎಂದು ಹೆಸರಿಟ್ಟರು. 1945ರ ವೇಳೆಗೆ ಸುಮಾರು ಆರೂವರೆ ಲಕ್ಷ ಟನ್ ಸಾಮಗ್ರಿ ಈ ದಾರಿಯಲ್ಲಿ ಸಾಗಿತು. ಐನೂರಕ್ಕೂ ಹೆಚ್ಚು ವಿಮಾನಗಳು ನಾಶವಾದವು.

ಕನ್ನಡ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹಿರಾಚಂದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಯುದ್ಧವಿಮಾನಗಳು ಇಲ್ಲಿ ರಿಪೇರಿಯಾದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳಿಗೆ ಬೆಳ್ಳಂದೂರು ಕೆರೆಯೇ ನಿಲ್ದಾಣವಾಯಿತು.

ಈಗ ಸಂಗ್ರಾಹಕನ ಲೆಕ್ಕ ನೋಡೋಣ. ವಿಮಾನದ ಮೂತಿಯ ಮೇಲೆ ಬಣ್ಣದಲ್ಲಿ ಬರೆದ ಹೆಣ್ಣಿನ ಚಿತ್ರ, ದಳದ ಗುರುತು, ಅಪಘಾತದ ದೃಶ್ಯ ಇದ್ದರೆ ಬೆಲೆ ಏರುತ್ತದೆ. ಒಡೆಯನ ಹೆಸರು, ತಾರೀಖು, ಸ್ಥಳ ಬರೆದಿದ್ದರೆ ಇನ್ನೂ ಮೇಲು. ನಕಲಿಯ ಭಯವೂ ಇದೆ. ಅತಿನೇರಳೆ ದೀಪದ ಕೆಳಗೆ ಫೋಟೋ ಕಾಗದ ನೀಲಿಯಾಗಿ ಹೊಳೆದರೆ ಅನುಮಾನ ಪಡಬೇಕು. ಕಾಗದವನ್ನು ಬೆಳ್ಳಗೆ ತೋರಿಸುವ ಆ ರಾಸಾಯನಿಕ ಬಳಕೆಗೆ ಬಂದದ್ದು ಯುದ್ಧ ಮುಗಿದ ನಂತರ, 1950ರ ದಶಕದಲ್ಲಿ.

ಆದರೆ ನಕಲಿಗಿಂತ ದೊಡ್ಡ ಅಪಾಯ ಕತ್ತರಿಯದು. ಇಡೀ ಆಲ್ಬಂ ಮಾರುವುದಕ್ಕಿಂತ ಒಂದೊಂದೇ ಚಿತ್ರ ಕಿತ್ತು ಮಾರಿದರೆ ವ್ಯಾಪಾರಿಗೆ ಹೆಚ್ಚು ಹಣ ಬರಬಹುದು. ವಿಮಾನದ ಚಿತ್ರ ಒಬ್ಬನಿಗೆ, ಸಮವಸ್ತ್ರದ್ದು ಇನ್ನೊಬ್ಬನಿಗೆ. ಸಂತೆಬೀದಿ, ದೋಬಿ, ರನ್‌ವೇಗೆ ಜಲ್ಲಿ ಹೊರುವ ಹೆಂಗಸರು ಇರುವ ಚಿತ್ರಗಳನ್ನು ಯುದ್ಧವಸ್ತುಗಳ ಸಂಗ್ರಾಹಕ ಕೇಳುವುದು ಕಡಿಮೆ. ಅವು ಮೂಲೆ ಸೇರುತ್ತವೆ.

ನಮಗೆ ಬೇಕಾದದ್ದು ಅವೇ. ವಿಮಾನಗಳ ದಾಖಲೆ ಸೇನೆಯ ಕಡತದಲ್ಲಿ ಸಿಕ್ಕೀತು. ಜಲ್ಲಿ ಹೊತ್ತವಳ ಮುಖ ಅಲ್ಲಿಲ್ಲ. ಫೋಟೋದಡಿ ವಿಮಾನದ ಹೆಸರಿರುತ್ತದೆ, ಅದನ್ನು ತೊಳೆದವನ ಹೆಸರು ಹೆಚ್ಚಾಗಿ ಇರುವುದಿಲ್ಲ. ಅವನು ಎಲ್ಲಿಯವನು, ಯಾವ ತಿಂಗಳು ಎಂದು ತಿಳಿಯಲು ಆಧಾರ ಒಂದೇ: ಹಿಂದಿನ ಹಾಳೆ, ಮುಂದಿನ ಹಾಳೆ. ಚಿತ್ರ ಕಿತ್ತರೆ ಆ ಆಧಾರವೂ ಹೋಯಿತು.

ಉಳಿಸಿಕೊಂಡ ಉದಾಹರಣೆಯೂ ಇದೆ. ವಾಯುಪಡೆಯ ಛಾಯಾಗ್ರಹಣ ತಂತ್ರಜ್ಞನಾಗಿದ್ದ ಗ್ಲೆನ್ ಹೆನ್ಸ್‌ಲಿ 1944ರಲ್ಲಿ ಕಲ್ಕತ್ತೆಯ ಜನಜೀವನದ ಚಿತ್ರಗಳನ್ನು ತೆಗೆದರು. ಷಿಕಾಗೋ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಡಿಜಿಟಲ್ ಗ್ರಂಥಾಲಯ ಅವನ್ನು ಎಲ್ಲರಿಗೂ ತೆರೆದಿಟ್ಟಿದೆ. ಬಂಗಾಳದ ಭೀಕರ ಕ್ಷಾಮದ ಮರುವರ್ಷದ ನಗರವನ್ನು ಅಲ್ಲಿ ಕಾಣಬಹುದು.

ಆಲ್ಬಂ ಕೊಳ್ಳುವುದು ತಪ್ಪಲ್ಲ. ಕೊಂಡವರು ಒಂದು ಕೆಲಸ ಮಾಡಬೇಕು: ಯಾವುದನ್ನೂ ಕೀಳುವ ಮೊದಲು ಪ್ರತಿ ಹಾಳೆಯನ್ನು, ಅದರ ಬರಹದೊಡನೆ, ಅದೇ ಅನುಕ್ರಮದಲ್ಲಿ ಫೋಟೋ ತೆಗೆದಿಡಬೇಕು. ಅದಕ್ಕೆ ತಗಲುವುದು ಒಂದು ಸಂಜೆಯ ಹೊತ್ತು. ಉಳಿಯುವುದು ಹೆಸರಿಲ್ಲದ ನಮ್ಮವರ ಏಕೈಕ ಗುರುತು.