ಮೂಗನ್ನಳೆದು ಮನುಷ್ಯನ ದರ್ಜೆ ಕಟ್ಟಿದವರು

(ಜಮಖಂಡಿಯ ಕೌಟುಂಬಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ನೆರೆಯ ಮುಧೋಳದ ಬೇಟೆನಾಯಿಯನ್ನು ನಾಡೆಲ್ಲ ಬಲ್ಲದು. ಅದರ ತಳಿ ಶುದ್ಧವೇ ಎಂದು ತಿಳಿಯಲು ಮೂತಿಯ ಉದ್ದ, ಎದೆಯ ಆಳ, ಕಾಲಿನ ಎತ್ತರವನ್ನು ನೋಡುತ್ತಾರೆ. ನಾಯಿಗೆ ಅದು ಸರಿ. ಆದರೆ ಇದೇ ಬಗೆಯ ಅಳತೆಯನ್ನು ಮನುಷ್ಯರಿಗೂ ಹಚ್ಚಿ, ಅದನ್ನೇ ಶಾಸ್ತ್ರವೆಂದು ಕರೆದ ಕಾಲವೊಂದಿತ್ತು.

1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಅದರ ಉದ್ದದಿಂದ ಭಾಗಿಸಿ, ನೂರರಿಂದ ಗುಣಿಸಿ ಬಂದ ಅಂಕಿಯಲ್ಲಿ ಜಾತಿಯ ಮೇಲುಕೀಳನ್ನು ಕಂಡನು. ಮೂಗು ಅಗಲವಾದಷ್ಟೂ ಸ್ಥಾನ ಕೆಳಗೆ ಎಂಬುದು ಆತನ ಸಿದ್ಧಾಂತ! ಭಾರತೀಯರನ್ನು ಏಳು ದೈಹಿಕ ಮಾದರಿಗಳಾಗಿ ವಿಂಗಡಿಸಿ, ಮರಾಠರನ್ನೂ ಕೊಡವರನ್ನೂ ಒಂದೇ ಕಟ್ಟಿಗೆ ಸೇರಿಸಿದನು. ಜಮಖಂಡಿ, ಮುಧೋಳಗಳು ಆಗ ಸಂಸ್ಥಾನಗಳಾಗಿದ್ದವು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯ 1884ರ ಗೆಝೆಟಿಯರ್ ಮುಸ್ಲಿಮ್ ಕಸುಬುದಾರ ಪಂಗಡಗಳನ್ನೂ ಒಂದೊಂದಾಗಿ ಹೆಸರಿಸಿ, ಎತ್ತರ, ಮೈಕಟ್ಟು, ಮೈಬಣ್ಣಗಳನ್ನು ದಾಖಲಿಸುತ್ತದೆ.

ದಕ್ಷಿಣ ಆಫ್ರಿಕದಲ್ಲಿ ಈ ಶಾಸ್ತ್ರವು ಇನ್ನೂ ಕ್ರೂರವಾಯಿತು. ಅಲ್ಲಿನ ಸಾನ್ ಮತ್ತು ಖೋಯಿಖೋಯಿ ಜನರನ್ನು ಮೈಕಟ್ಟಿನ ಆಧಾರದಲ್ಲಿ ಒಂದೇ 'ಜನಾಂಗ'ವೆಂದು ಗುರುತಿಸಿ ಮಾನವರ ಕೆಳತುದಿಯಲ್ಲಿಟ್ಟರು. ಸಾರಾ ಬಾರ್ಟ್‌ಮನ್ ಎಂಬ ಖೋಯಿಖೋಯಿ ಮಹಿಳೆಯನ್ನು ಲಂಡನ್, ಪ್ಯಾರಿಸ್‌ಗಳಲ್ಲಿ ಪ್ರದರ್ಶನಕ್ಕಿಟ್ಟರು. 1815ರಲ್ಲಿ ಆಕೆ ತೀರಿಕೊಂಡಾಗ ವಿಜ್ಞಾನಿ ಕ್ಯುವಿಯೆ ಶವವನ್ನು ಕೊಯ್ದು ಪರೀಕ್ಷಿಸಿದನು. ಆಕೆಯ ಅವಶೇಷಗಳು ತಾಯ್ನಾಡಿನ ಮಣ್ಣು ಸೇರಿದ್ದು 2002ರಲ್ಲಿ.

ನಮ್ಮ ಹಳಿಯಾಳ, ಯಲ್ಲಾಪುರಗಳ ಸಿದ್ದಿಗಳ ಮೂಲವೂ ಆಫ್ರಿಕವೇ. ಅವರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಆಫ್ರಿಕನ್ ಮೈಕಟ್ಟು ಪದಕ ತಂದೀತೆಂಬ ಆಸೆಯಿಂದ ಸಿದ್ದಿ ಮಕ್ಕಳನ್ನು ತರಬೇತಿಗೆ ಆರಿಸಿತು. ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಷ್ಟೆ. ಕೂದಲಿನ ಗುಂಗುರು ಸರಕಾರಕ್ಕೆ ಬೇಗ ಕಂಡಿತು, ಬಡತನ ಕಾಣಲು ತಡವಾಯಿತು.

ಆ ವರ್ಗೀಕರಣವನ್ನು ವಿಜ್ಞಾನವೇ ಈಗ ತೊರೆದಿದೆ. ಮನುಷ್ಯರ ಆನುವಂಶಿಕ ವ್ಯತ್ಯಾಸಗಳ ಸುಮಾರು 85 ಶೇಕಡ ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು 1972ರಲ್ಲಿ ರಿಚರ್ಡ್ ಲೆವೊಂಟಿನ್ ತೋರಿಸಿಕೊಟ್ಟರು. ಬಣ್ಣಗಳ ಭಿನ್ನತೆಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ನಿದರ್ಶನಗಳಲ್ಲಿ ಎಣಿಸುತ್ತದೆ. ಗೌರವದ ಮಾನದಂಡವಾಗಿ ದೇವಭಯವೊಂದನ್ನೇ ಇರಿಸುತ್ತದೆ. ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅದಾನ್ ಕೊಡಲು ಪ್ರವಾದಿವರ್ಯರು(ಸ) ಹಝ್ರತ್ ಬಿಲಾಲ್(ರ)ರಿಗೆ ಆದೇಶಿಸಿದರು. ಇದನ್ನು ನಾವು ಪ್ರತಿವರ್ಷ ಸೀರತ್ ಸಭೆಗಳಲ್ಲಿ ಹೇಳುತ್ತೇವೆ, ಕೇಳುತ್ತೇವೆ.

ಹಾಗಿದ್ದೂ ರಬಕವಿ-ಬನಹಟ್ಟಿಯಿಂದ ಜಮಖಂಡಿಗೆ ಒಂದು ರಿಶ್ತಾ ಬಂದರೆ ನಾವು ಮೊದಲು ಕೇಳುವುದೇನು? ಹುಡುಗಿಯ ಬಣ್ಣ ಹೇಗೆ? ಯಾವ ಬಿರಾದರಿ? ನಮಾಝ್, ಓದು, ನಡತೆಗಳ ಸರದಿ ಆಮೇಲೆ. ಬಣ್ಣ ಕಪ್ಪಾದರೆ ವರದಕ್ಷಿಣೆಯ ತೂಕ ಏರುತ್ತದೆ. ರಿಸ್ಲೆಯ ಅಳತೆಪಟ್ಟಿಗೂ ಇದಕ್ಕೂ ವ್ಯತ್ಯಾಸವೆಲ್ಲಿ? ಯುವಕರು ಈ ಪ್ರಶ್ನೆಗಳನ್ನು ತಾಯಂದಿರ ಮೇಲೆ ಹೊರೆಸಿ ಜಾರಿಕೊಳ್ಳುತ್ತಾರೆ, ಇದು ಗಂಡಸುತನವಲ್ಲ.

ನಿಕಾಹ್‌ಗೆ ವರನ ಒಪ್ಪಿಗೆ, ವಧುವಿನ ಒಪ್ಪಿಗೆ, ಸಾಕ್ಷಿಗಳು, ಮಹ್ರ್ ಬೇಕು. ಮೈಬಣ್ಣದ ಪ್ರಸ್ತಾಪ ಎಲ್ಲಿಯೂ ಇಲ್ಲ. ಆದುದರಿಂದ ಈ ನಾಲ್ಕೂ ಊರುಗಳ ಜಮಾಅತ್‌ಗಳಲ್ಲಿ ನಮ್ಮ ವಿನಂತಿಯಿದು: ವಧೂವರರ ಮಾಹಿತಿಪತ್ರಗಳನ್ನು ನಿಮ್ಮ ಕೈಯಿಂದ ಹಂಚುವಾಗ 'ಬಣ್ಣ' ಮತ್ತು 'ಬಿರಾದರಿ' ಎಂಬ ಎರಡು ಸಾಲುಗಳನ್ನು ಹೊಡೆದುಹಾಕಿರಿ. ಬರುವ ಶವ್ವಾಲ್ ತಿಂಗಳ ಮದುವೆಗಳಿಂದಲೇ ಇದು ಆರಂಭವಾಗಲಿ.