ಪಂಪಿನ ನೋವು, ತೊಟ್ಟಿನ ಬಣ್ಣ



ಆಶಯ ಭಾಷಣದಲ್ಲಿ ಎಲ್ಲರೂ ತಲೆದೂಗುವ ಮಾತನ್ನೇ ಆಡುವುದು ವಾಡಿಕೆ. ಎದೆಹಾಲು ಅಮೃತ, ಆರು ತಿಂಗಳು ಬೇರೇನೂ ಬೇಡ ಎಂದು ಪ್ರತಿವರ್ಷ ಆಗಸ್ಟ್ ಮೊದಲ ವಾರದಲ್ಲಿ ನಾವೆಲ್ಲ ಹೇಳುತ್ತಲೇ ಇದ್ದೇವೆ. ಇವತ್ತು ಅದನ್ನು ಬಿಟ್ಟು, ಆ ಅಮೃತ ಹೊರಬರುವ ಬೆರಳತುದಿಯಷ್ಟು ಜಾಗದ ಬಗ್ಗೆ ಮಾತಾಡುತ್ತೇನೆ. ಮೊಲೆಯ ತೊಟ್ಟು. ಸಭೆಯಲ್ಲಿ ಈ ಶಬ್ದ ಕೇಳಿ ಹಿಂದಿನ ಸಾಲಿನ ಹುಡುಗಿಯರು ತಲೆ ತಗ್ಗಿಸಿದ್ದು ಕಾಣುತ್ತಿದೆ. ಪರವಾಗಿಲ್ಲ, ಸಂಜೆಯೊಳಗೆ ಅಭ್ಯಾಸವಾಗುತ್ತದೆ.

ಹಾಲು ಪಂಪು ಮಾಡುವುದು ಪಟ್ಟಣದ ಉಳ್ಳವರ ಸಮಾಚಾರ, ನಮ್ಮ ಚಾಮರಾಜನಗರ ಜಿಲ್ಲೆಗೆ ಅದೇಕೆ ಎಂದು ಕೇಳುವವರಿದ್ದಾರೆ. ಉತ್ತರ ಬೇಕಾದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದ ಹೊರಗಿನ ಬೆಂಚು ನೋಡಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಚೀಪುವ ಶಕ್ತಿ ಇರುವುದಿಲ್ಲ. ತಾಯಿ ದಿನಕ್ಕೆ ಎಂಟು ಸಲವಾದರೂ ಹಾಲು ತೆಗೆದುಕೊಡಬೇಕು, ರಾತ್ರಿಯೂ. ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕೂಸನ್ನು ಕಳಿಸಿ, ತಾಯಿ ಹೊಲಿಗೆಯ ನೋವಿನಲ್ಲಿ ಇಲ್ಲೇ ಮಲಗಿದ್ದರೆ, ಅವಳ ಹಾಲು ನಿಲ್ಲದ ಹಾಗೆ ನೋಡಿಕೊಳ್ಳುವ ದಾರಿ ಎರಡೇ: ಕೈ, ಇಲ್ಲವೇ ಪಂಪು. ಇನ್ನು ಗುಂಡ್ಲುಪೇಟೆ, ಬೇಗೂರು ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿನ ಕಾರ್ಖಾನೆಗೆ ಹೋಗಿ ಬರುವವರು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಮೊದಲೆರಡು ಹೆರಿಗೆಗೆ 26 ವಾರಗಳ ರಜೆ ಕೊಟ್ಟಿತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಚೆಂಡುಹೂವಿನ ಹೊಲದಲ್ಲಿ ದಿನಗೂಲಿಗೆ ಬಾಗಿದವಳಿಗೆ ಅದೂ ಇಲ್ಲ. ಅವಳ ಎದೆ ಮಧ್ಯಾಹ್ನದ ಹೊತ್ತಿಗೆ ಕಲ್ಲಾಗಿರುತ್ತದೆ.

ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಎದೆಹಾಲುಣಿಸುವುದನ್ನು ಉತ್ತೇಜಿಸುವ 'ಮಾ' ಕಾರ್ಯಕ್ರಮ ತಂದಿತು, 2017ರಲ್ಲಿ ಸರ್ಕಾರಿ ಆಸ್ಪತ್ರೆಗಳ ಎದೆಹಾಲು ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಹೀಗೆ ಪಂಪು ಆಸ್ಪತ್ರೆಯ ಒಳಗೆ ಬಂತು. ಅದರ ಜೊತೆಗೆ ಬರಬೇಕಾಗಿದ್ದ ಒಂದು ತಿಳಿವಳಿಕೆ ಮಾತ್ರ ಹಿಂದೆ ಉಳಿಯಿತು. ಪಂಪು ಹಾಕಿಕೊಂಡ ತಾಯಿ "ನೋಯ್ತದ ಕನಕ್ಕ, ಏನ್ಮಾಡದು, ಮಗೀಗ ಬೇಕಲ್ಲ" ಎನ್ನುತ್ತಾಳೆ. ನಾವು "ಮೊದಮೊದಲು ಹಂಗೇಯ, ಅಡ್ಜಸ್ಟ್ ಆಯ್ತದ" ಎನ್ನುತ್ತೇವೆ. ಈ ಎರಡನೆಯ ಮಾತನ್ನು ಇವತ್ತಿನಿಂದ ನಿಲ್ಲಿಸಬೇಕು ಎಂಬುದೇ ನನ್ನ ಆಶಯ.

ಮೊದಲ ಕೆಲವು ದಿನ ಎಳೆದ ಕ್ಷಣದಲ್ಲಿ ಚುರುಕ್ಕೆನ್ನುವುದು, ಅರೆನಿಮಿಷದಲ್ಲಿ ತಾನಾಗಿ ಇಳಿಯುವುದು ಸಹಜವೇ. ಪಂಪು ಓಡುತ್ತಿರುವಷ್ಟು ಹೊತ್ತೂ ಹಲ್ಲು ಕಚ್ಚಿ ಕೂರಬೇಕಾದ ನೋವು, ತೆಗೆದ ಮೇಲೂ ಉರಿಯುವ ನೋವು ಸಹಜವಲ್ಲ. ನೋವಿದ್ದಾಗ, ಹೆದರಿಕೆ ಇದ್ದಾಗ ಹಾಲಿಳಿಸುವ ಆಕ್ಸಿಟೋಸಿನ್ ಸರಿಯಾಗಿ ಸ್ರವಿಸುವುದಿಲ್ಲ. ಹಾಲು ಕಡಿಮೆ ಬಂತೆಂದು ತಾಯಿ ಎಳೆತ ಇನ್ನೂ ಏರಿಸುತ್ತಾಳೆ, ತೊಟ್ಟು ಇನ್ನೂ ನಲುಗುತ್ತದೆ. ಎಳೆತ ಜಾಸ್ತಿಯಾದರೆ ಹಾಲು ಜಾಸ್ತಿ ಎಂಬುದು ಕೊಳವೆಬಾವಿಯ ಲೆಕ್ಕ. ಎದೆಗೆ ಅದು ಹೊಂದುವುದಿಲ್ಲ. ಕಡಿಮೆಯಲ್ಲಿ ಶುರುಮಾಡಿ, ಮೆಲ್ಲಗೆ ಏರಿಸಿ, ಎಲ್ಲಿ ಕಿರಿಕಿರಿ ಅನ್ನಿಸಿತೋ ಅಲ್ಲಿಂದ ಒಂದು ಹೆಜ್ಜೆ ಇಳಿಸಿ ನಿಲ್ಲಿಸಬೇಕು. ಆ ಹೆಜ್ಜೆ ಎಲ್ಲಿದೆ ಎಂದು ಹೇಳಬಲ್ಲವಳು ತಾಯಿ ಒಬ್ಬಳೇ.

ಇದು ಹೊಸ ಮಾತಲ್ಲ. ಹಸು ಕರೆಯುವ ಯಂತ್ರವನ್ನು ನೋಡಿ 1920ರ ದಶಕದಲ್ಲಿ ಅಮೆರಿಕದಲ್ಲಿ ಪಂಪು ರೂಪಿಸಿದವನು ಎಡ್ವರ್ಡ್ ಲಾಸ್ಕರ್. ಎಂಜಿನಿಯರ್, ಜೊತೆಗೆ ಹೆಸರಾಂತ ಚೆಸ್ ಆಟಗಾರ. ತೊಟ್ಟಿಗೆ ಪೆಟ್ಟಾಗದ ಎಳೆತದ ಮಿತಿ ಎಷ್ಟು ಎಂದು ಕೂತು ಅಳೆದವನು ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್. 1956ರಲ್ಲಿ ತನ್ನ ಕೆಲಸ ಪ್ರಕಟಿಸಿದ. ಅವನ ಜೊತೆ ದುಡಿದವಳು ಮಾಯಾ ಎಂಬ ನರ್ಸು, ಯಂತ್ರಕ್ಕೆ ಅವಳ ಹೆಸರನ್ನೇ ಇಟ್ಟ. ಇಲ್ಲಿರುವ ಸಿಸ್ಟರ್‌ಗಳು ಇದನ್ನು ನೆನಪಿಟ್ಟುಕೊಳ್ಳಲಿ ಎಂದೇ ಹೇಳಿದೆ.

ಸ್ವೀಡನ್ನಿನವರೆಗೆ ಹೋಗಬೇಕಿಲ್ಲ, ದಾವಣಗೆರೆಯೇ ಸಾಕು. ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನ ಮಕ್ಕಳ ತಜ್ಞೆ ಡಾ. ನಿರ್ಮಲಾ ಕೇಸರಿ ಮತ್ತು ಅವರ ಸಂಗಡಿಗರು, ತೊಟ್ಟು ಒಳಸೇರಿಕೊಂಡ ತಾಯಂದಿರಿಗಾಗಿ ಸಾಮಾನ್ಯ ಪ್ಲಾಸ್ಟಿಕ್ ಸಿರಿಂಜನ್ನೇ ಬಳಸಿದ ಕ್ರಮವನ್ನು 1993ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಸೂಜಿ ಸಿಕ್ಕಿಸುವ ತುದಿಯನ್ನು ಕತ್ತರಿಸಿ, ಆ ಕಡೆಯಿಂದ ದಂಡ ತೂರಿಸಿ, ನುಣುಪಾದ ಅಂಚನ್ನು ಎದೆಗೆ ಹಿಡಿಯುವುದು. ಇವತ್ತು ನಮ್ಮಲ್ಲಿ ಇದನ್ನು ಮಾಡದ ಹೆರಿಗೆ ವಾರ್ಡಿಲ್ಲ. ಅದರ ಬೆಲೆ ಅಗ್ಗವಾದದ್ದು ಎಲ್ಲರ ಕಣ್ಣಿಗೂ ಬಿದ್ದಿದೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ದಂಡ ಎಳೆಯುವ ಕೈ ತಾಯಿಯದು ಎಂಬುದು. ನೊಂದರೆ ಅವಳೇ ಬಿಡುತ್ತಾಳೆ. ಕರೆಂಟಿನ ಪಂಪು ಬಂದ ಮೇಲೆ ಆ ಹಿಡಿತ ಅವಳ ಕೈತಪ್ಪಿ ನಮ್ಮ ಕೈಗೆ, ಎಷ್ಟೋ ಸಲ ಯಾರ ಕೈಯಲ್ಲೂ ಇಲ್ಲದ ಸ್ಥಿತಿಗೆ ಬಂತು. ಮೆಡಿಕಲ್ ಶಾಪಿನಲ್ಲಿ ಸಿಗುವ, ಸೈಕಲ್ ಹಾರನ್ನಿನಂಥ ರಬ್ಬರ್ ಬುರುಡೆಯ ಪಂಪಿನ ಬಗ್ಗೆ ಒಂದೇ ಮಾತು: ಬೇಡ. ಎಳೆತಕ್ಕೆ ಲಗಾಮಿಲ್ಲ, ಬುರುಡೆಯ ಒಳಗನ್ನು ತೊಳೆಯಲಾಗುವುದಿಲ್ಲ.

ಈಗ ಬಣ್ಣಕ್ಕೆ ಬರೋಣ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದುಕೊಂಡಿರುವುದು ಇಲ್ಲೇ.

ನಮ್ಮ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಕಾಣುವುದು ಬಿಳಿಯರ ಚರ್ಮ. ಉರಿಯೂತ ಎಂದರೆ ಕೆಂಪು, ರಕ್ತ ನಿಂತರೆ ಹಾಲಿನಂಥ ಬಿಳುಪು ಎಂದು ಓದಿ ಬರುತ್ತೇವೆ. ವಾರ್ಡಿನಲ್ಲಿ ಎದುರಿಗಿರುವವಳ ಚರ್ಮ ಗೋಧಿಬಣ್ಣ, ಎಣ್ಣೆಗಪ್ಪು. ಬಿಳಿಗಿರಿರಂಗನ ಬೆಟ್ಟದಿಂದ ಬಂದ ಸೋಲಿಗರ ಹೆಣ್ಣುಮಗಳಾದರೆ ಇನ್ನೂ ಗಾಢ. ಇವರಲ್ಲಿ ಕೆಂಪು ಕೆಂಪಾಗಿ ಕಾಣುವುದಿಲ್ಲ. ಸುತ್ತಲಿಗಿಂತ ಕಡುಗಂದಾಗಿಯೋ ನೇರಳೆಯಾಗಿಯೋ ಕಾಣುತ್ತದೆ. ಬಿಳುಪು ಬೂದುಬಣ್ಣವಾಗಿ, ಮಾಸಿದಂತೆ ಕಾಣುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ "ಕೆಂಪಿಲ್ಲ" ಎಂದು ಬರೆಯುವ ಮುನ್ನ ಎರಡೂ ಎದೆಯನ್ನು ಪಕ್ಕಪಕ್ಕ ಹೋಲಿಸಬೇಕು, ಕಿಟಕಿಯ ಬೆಳಕಿನಲ್ಲಿ. ಕೈಯ ಹಿಂಬದಿಯಿಂದ ಮುಟ್ಟಿ ಬಿಸಿ ಇದೆಯೇ ನೋಡಬೇಕು. ಎಲ್ಲಕ್ಕಿಂತ ಮೊದಲು "ಮುಂಚೆ ಹೀಗೇ ಇತ್ತಾ?" ಎಂದು ಅವಳನ್ನೇ ಕೇಳಬೇಕು. ತನ್ನ ಮೈಯ ಬಣ್ಣ ಅವಳಿಗೆ ಗೊತ್ತಿರುತ್ತದೆ.

ಗರ್ಭಿಣಿಯಾದಾಗಲೇ ತೊಟ್ಟು ಮತ್ತು ಅದರ ಸುತ್ತಲಿನ ವೃತ್ತ ಕಪ್ಪಾಗುತ್ತದೆ. ಅದು ಹಾರ್ಮೋನಿನ ಕೆಲಸ, ನೋವಿಲ್ಲ, ಎರಡೂ ಕಡೆ ಒಂದೇ ತೆರನಾಗಿರುತ್ತದೆ, ಎಷ್ಟೋ ತಿಂಗಳ ಮೇಲೆ ಅಷ್ಟಿಷ್ಟು ಇಳಿಯುತ್ತದೆ. ಅದಕ್ಕೆ ಮದ್ದು ಬೇಡ.

ಪಂಪು ತೆಗೆದ ಕೂಡಲೇ ತೊಟ್ಟಿನ ಬುಡದಲ್ಲಿ ಮಾಸಲು ಉಂಗುರ ಕಂಡರೆ ಆಲಿಕೆ ಕಿರಿದು. ಎದೆಗೆ ಹಿಡಿಯುವ ಆ ಭಾಗವನ್ನು ಕಂಪನಿಯವರು ಫ್ಲ್ಯಾಂಜ್ ಎನ್ನುತ್ತಾರೆ. ಪೆಟ್ಟಿಗೆಯಲ್ಲಿ ಬರುವುದು ಸಾಮಾನ್ಯವಾಗಿ 24 ಮಿಲಿಮೀಟರಿನದು, ಎಲ್ಲರಿಗೂ ಅದೇ ಒಂದು ಅಳತೆ. ತೊಟ್ಟು ಆಲಿಕೆಯ ಗೋಡೆಗೆ ಉಜ್ಜಿದರೆ ಕಿರಿದು. ತೊಟ್ಟಿನ ಜೊತೆ ಸುತ್ತಲಿನ ಕಪ್ಪುವೃತ್ತವೂ ಒಳಕ್ಕೆ ನುಗ್ಗಿ ಊದಿಕೊಂಡು ನೇರಳೆಗಟ್ಟಿದರೆ ಅಗಲ ಜಾಸ್ತಿ, ಇಲ್ಲವೇ ಎಳೆತ ಜಾಸ್ತಿ. ಸ್ಕೇಲು ಹಿಡಿದು ತೊಟ್ಟಿನ ಅಗಲ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಒಣ ಆಲಿಕೆ ಉಜ್ಜುವಂತಿದ್ದರೆ ಒಳಗೋಡೆಗೆ ಒಂದು ಹನಿ ಕೊಬ್ಬರಿ ಎಣ್ಣೆ. ಹೊತ್ತು ಹದಿನೈದರಿಂದ ಇಪ್ಪತ್ತು ನಿಮಿಷ. ಸೀರಿಯಲ್ ಮುಗಿಯುವವರೆಗೆ ಅಲ್ಲ.

ಇನ್ನೊಂದು ಬಗೆಯಿದೆ, ಅದನ್ನು ನಾವು ತೀರಾ ಕಡಿಮೆ ಗುರುತಿಸುತ್ತೇವೆ. ಪಂಪು ಮಾಡುವಾಗ ಅಷ್ಟೇನೂ ನೋವಿಲ್ಲ. ತೆಗೆದು ಗಾಳಿ ತಾಗಿದ ಮೇಲೆ ತೊಟ್ಟು ಮಾಸುತ್ತದೆ, ಆಮೇಲೆ ನೀಲಿಗಟ್ಟುತ್ತದೆ, ರಕ್ತ ಮರಳುವಾಗ ಕೆಂಪೇರಿ ಸೂಜಿ ಚುಚ್ಚಿದ ಹಾಗೆ ಉರಿಯುತ್ತದೆ. ಇದು ರೇನೋ ಎಂಬ ಹೆಸರಿನ ರಕ್ತನಾಳದ ಸೆಡೆತ. ತೊಟ್ಟಿನಲ್ಲೂ ಇದಾಗುತ್ತದೆಂದು 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಬಂತು. ಇದನ್ನು ಕೆರಳಿಸುವುದು ಚಳಿ; ಧನುರ್ಮಾಸದ ಬೆಳಗಿನಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಊರುಗಳ ಚಳಿ ಎಂಥದೆಂದು ಗುಂಡ್ಲುಪೇಟೆಯವರಿಗೆ ನಾನು ಹೇಳಬೇಕಿಲ್ಲ. ಇಂಥ ತಾಯಿಗೆ ಶಿಲೀಂಧ್ರ ಎಂದು ಮುಲಾಮು ಬರೆದುಕೊಡುತ್ತಾರೆ, ವಾರಗಟ್ಟಲೆ ಹಚ್ಚಿದರೂ ಇಳಿಯುವುದಿಲ್ಲ. ಬೇಕಾದದ್ದು ಬಿಸಿ: ಪಂಪು ತೆಗೆದ ತಕ್ಷಣ ಒದ್ದೆ ಒರೆಸಿ ಬೆಚ್ಚಗಿನ ಒಣಬಟ್ಟೆ ಮುಚ್ಚುವುದು. ನಮ್ಮ ಬಾಣಂತನದ ಬೆಚ್ಚನೆಯ ಕೋಣೆ ಇಲ್ಲಿ ನಿಜವಾಗಿಯೂ ಔಷಧ. ಊಟವಾದ ಮೇಲೆ ಎಲೆಅಡಿಕೆ ಹಾಕುವ ಬಾಣಂತಿ ಅದಕ್ಕೆ ಹೊಗೆಸೊಪ್ಪು ಸೇರಿಸುತ್ತಾಳೆಯೇ ಕೇಳಿ; ಅದರ ನಿಕೋಟಿನ್ ರಕ್ತನಾಳವನ್ನು ಬಿಗಿಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ನಿಫೆಡಿಪಿನ್ ಮಾತ್ರೆಯಿದೆ, ಅದು ವೈದ್ಯರ ತೀರ್ಮಾನ.

ಆದರೆ ಹಾಲು ಕಟ್ಟಿ ಎದೆ ಊದಿದಾಗ ಇದೇ ಬಿಸಿ ತಿರುಗಿಬೀಳುತ್ತದೆ. ಕುದಿನೀರಿನ ಶಾಖ ಕೊಟ್ಟು, ಗಂಟನ್ನು ಬಲವಾಗಿ ಒತ್ತಿ ತಿಕ್ಕಿ, ಖಾಲಿಯಾಗುವವರೆಗೆ ಪಂಪು ಮಾಡಿಸುವ ರೂಢಿ ನಮ್ಮಲ್ಲಿದೆ. ನಮಗೂ ಹಾಗೇ ಕಲಿಸಿದ್ದರು. ಸ್ತನ್ಯಪಾನ ವೈದ್ಯರ ಅಂತರರಾಷ್ಟ್ರೀಯ ಅಕಾಡೆಮಿ 2022ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಬಿಡಿ ಎನ್ನುತ್ತದೆ: ತಣ್ಣನೆಯ ಬಟ್ಟೆ, ಮೆಲ್ಲನೆಯ ಸವರುವಿಕೆ, ಕೂಸಿಗೆ ಬೇಕಾದಷ್ಟೇ ಹಾಲು ತೆಗೆಯುವುದು. ಜ್ವರ ಬಂದರೆ, ನೋವಿನ ಗಟ್ಟಿ ಭಾಗ ಇಳಿಯದಿದ್ದರೆ, ಕೀವು ಕಂಡರೆ ಅವಳನ್ನು ಅಂದೇ ವೈದ್ಯರ ಮುಂದೆ ಕೂರಿಸಬೇಕು.

ಬಾಟಲಿಯಲ್ಲಿ ತೆಳುಗೆಂಪು, ತುಕ್ಕುಬಣ್ಣದ ಹಾಲು ಕಂಡರೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ, ಅತ್ತೆಯವರು ಚೆಲ್ಲಿಬಿಡುತ್ತಾರೆ. ಚೊಚ್ಚಲ ಬಾಣಂತಿಯರಲ್ಲಿ ಮೊದಲ ದಿನಗಳಲ್ಲಿ ಹೀಗಾಗುವುದುಂಟು, ಸಾಮಾನ್ಯವಾಗಿ ವಾರದೊಳಗೆ ತಿಳಿಯಾಗುತ್ತದೆ. ಬಿರುಕಿನಿಂದ ಬಂದ ಒಂದೆರಡು ಹನಿ ರಕ್ತದಿಂದಲೂ ಕೂಸಿಗೆ ಕೇಡಿಲ್ಲ. ಕೂಸು ಅದನ್ನು ಕಕ್ಕಿದರೆ ರಕ್ತ ಯಾರದೆಂದು ಪರೀಕ್ಷೆ ಮಾಡಿ ತಿಳಿಯಬಹುದು. ವಾರ ದಾಟಿಯೂ ನಿಲ್ಲದ ರಕ್ತ, ಒಂದೇ ತೊಟ್ಟಿನಲ್ಲಿ ಎರಡು ಮೂರು ವಾರವಾದರೂ ಮಾಯದ ಇಸುಬಿನಂಥ ಹುಣ್ಣು, ಇವನ್ನು ಮಾತ್ರ ಪಂಪಿನ ಲೆಕ್ಕಕ್ಕೆ ಹಾಕಬೇಡಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ.

ಅರಿಶಿನ ಬೆಳೆಯುವ ಸೀಮೆಯಲ್ಲಿ ನಿಂತು ಅರಿಶಿನದ ಮೇಲೆ ಆಕ್ಷೇಪ ಎತ್ತುವುದು ಕಷ್ಟದ ಕೆಲಸ. ಬಿರುಕು ಬಿಟ್ಟ ತೊಟ್ಟಿಗೆ ಅರಿಶಿನ ಮೆತ್ತಿಕೊಂಡು ಬಂದವಳ ಚರ್ಮದಲ್ಲಿ ಯಾವ ಬಣ್ಣವನ್ನೂ ಓದಲಾಗುವುದಿಲ್ಲ ಎಂಬುದು ನನ್ನ ತಕರಾರು. ಊದಾ ಬಣ್ಣದ ಜೆನ್ಷಿಯನ್ ವಯಲೆಟ್ ಮದ್ದಿನ ಮೇಲೂ ಇದೇ ದೂರು. ಸಾಲದ್ದಕ್ಕೆ 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಅದರ ಕ್ಯಾನ್ಸರ್ ಅಪಾಯದ ಬಗ್ಗೆ ಎಚ್ಚರಿಸಿದೆ. ಜೇನುತುಪ್ಪ ಹಚ್ಚುವುದಂತೂ ಬೇಡವೇ ಬೇಡ, ವರ್ಷ ತುಂಬದ ಕೂಸಿನ ಬಾಯಿಗೆ ಅದು ಹೋಗಬಾರದು. ಅವಳದೇ ಹಾಲಿನ ಎರಡು ಹನಿ ಸವರಿ ಆರಲು ಬಿಡುವುದು, ತೀರಾ ಒಡೆದಿದ್ದರೆ ಶುದ್ಧ ಲ್ಯಾನೊಲಿನ್, ಸಾಕು. ತೊಟ್ಟಿಗೆ ಸೋಪು ಹಾಕಿ ಉಜ್ಜುವುದನ್ನೂ ನಿಲ್ಲಿಸಲಿ. ಗಾಯ ಮಾಯುವವರೆಗೆ ಆ ಬದಿಯನ್ನು ಕೈಯಿಂದ ಹಿಂಡಿ ತೆಗೆಯಬಹುದು. ಈ ಕೈವಿದ್ಯೆಯನ್ನು ಪಂಪಿಗಿಂತ ಮೊದಲು ಕಲಿಸಬೇಕೆಂದು ನನ್ನ ಹಟ. ಕರೆಂಟು ಹೋದರೂ ಅದು ನಡೆಯುತ್ತದೆ.

ಈ ಸಂಕಿರಣದಿಂದ ನನಗೆ ಬೇಕಾಗಿರುವುದು ಘೋಷಣೆಯಲ್ಲ, ಮೂರು ಸಾಮಾನು. ಪಂಪು ಇರುವ ಪ್ರತಿ ಆಸ್ಪತ್ರೆಯಲ್ಲೂ ಕನಿಷ್ಠ ಮೂರು ಅಳತೆಯ ಆಲಿಕೆ. ಖರೀದಿ ಪಟ್ಟಿಯಲ್ಲಿ ಯಂತ್ರ ಬರೆದು ಆಲಿಕೆ ಮರೆಯುವುದು ಚಪ್ಪಲಿ ಅಂಗಡಿಗೆ ಒಂದೇ ಅಳತೆಯ ಜೋಡು ತರಿಸಿದಂತೆ. ನಮ್ಮ ಹೆಂಗಸರ ಚರ್ಮದ ಮೇಲೆ ಈ ಬಣ್ಣಗಳು ಹೇಗೆ ಕಾಣುತ್ತವೆಂದು ತೋರಿಸುವ ಒಂದು ಚಿತ್ರಪಟ, ಒಪ್ಪಿಗೆ ಪಡೆದು, ಮುಖ ಕಾಣದಂತೆ ತೆಗೆದ ಚಿತ್ರಗಳಿಂದ. ಮೂರನೆಯದು ಸಮಯ: ಬಿಡುಗಡೆಗೆ ಮೊದಲು ಒಂದು ಪೂರ್ತಿ ಸರದಿ ಪಂಪು ಮಾಡುವುದನ್ನು ಸಿಸ್ಟರ್ ಒಬ್ಬರು ಪಕ್ಕದಲ್ಲಿ ಕೂತು ನೋಡಬೇಕು, ತೆಗೆದ ಮೇಲೆ ತೊಟ್ಟನ್ನೂ ನೋಡಬೇಕು. ಇಪ್ಪತ್ತು ನಿಮಿಷ ಎಲ್ಲಿಂದ ತರುವುದು ಎಂದು ನೀವು ಕೇಳುತ್ತೀರಿ. ಒಬ್ಬರೇ ಇಡೀ ವಾರ್ಡು ನೋಡಿಕೊಳ್ಳುವ ರಾತ್ರಿಪಾಳಿಯಲ್ಲಿ ಅದು ಸಿಗುವುದಿಲ್ಲ ಎಂದು ನನಗೂ ಗೊತ್ತು. ಹಾಗಾದರೆ ಯಾವ ಕೆಲಸ ಬಿಟ್ಟು ಇದನ್ನು ಮಾಡಬಹುದು, ಮನೆಭೇಟಿಯಲ್ಲಿ ಆಶಾ ಕಾರ್ಯಕರ್ತೆ ಎಷ್ಟನ್ನು ನೋಡಬಹುದು ಎಂಬುದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ವಾರ್ಡಿನವರೇ ಹೇಳಲಿ, ಆಡಳಿತದವರು ಕೂತು ಬರೆದುಕೊಳ್ಳಲಿ.

ಮೊದಲ ಗೋಷ್ಠಿಗೆ ಎಡಗಡೆಯ ಮೇಜಿನ ಮೇಲೆ ಆಲಿಕೆಗಳು, ಸ್ಕೇಲುಗಳು, ಎರಡು ಪಂಪುಗಳಿವೆ. ವೈದ್ಯರೂ ಸೇರಿದಂತೆ ಎಲ್ಲರೂ ಆಲಿಕೆಯನ್ನು ನಿಮ್ಮ ಮುಂಗೈಯ ಒಳಬದಿಗೆ ಹಿಡಿದು, ಪಂಪಿನ ಎಳೆತವನ್ನು ಒಂದು ನಿಮಿಷ ಪೂರ್ತಿ ಏರಿಸಿ ನೋಡಿ.